ವೆಬ್‌ಸೈಟಿನ ‘ಪಹಣಿ’ ನಿಮ್ಮ ಹೆಸರಲ್ಲೇ ಇರಲಿ

ಬೆಲ್ಲ, ಮಾವು, ಅರಿಶಿನ ಪುಡಿ ನೇರವಾಗಿ ಮಾರಲು ವೆಬ್‌ಸೈಟ್ ಮಾಡಿಸ್ತಿದ್ದೀರಾ? ಮೊದಲು ಡೊಮೇನ್, ಅಂದ್ರೆ ವೆಬ್‌ಸೈಟಿನ ಹೆಸರನ್ನು ನಿಮ್ಮದೇ ಇಮೇಲ್, ಮೊಬೈಲ್ ನಂಬರ್ ಕೊಟ್ಟು ನೀವೇ ಖರೀದಿಸಿ. ಅದು ಮಾಡಿಕೊಟ್ಟವರ ಖಾತೆಯಲ್ಲಿದ್ದು, ನಾಳೆ ಅವರು ಫೋನ್ ಎತ್ತದಿದ್ದರೆ? ಹೆಸರೂ ಹೋಯ್ತು, ಹುಡುಕಿ ಬರೋ ಗಿರಾಕಿಯೂ ಹೋದ. ಅವಧಿ ಮುಗಿಯುವ ಮುಂಚೆ ನವೀಕರಿಸದಿದ್ದರೂ ಅದು ಬೇರೆಯವರ ಪಾಲಾಗಬಹುದು.

ಶುರುವಿಗೆ ಒಂದೇ ಪುಟ ಸಾಕು: ನಿಮ್ಮ ತೋಟದ್ದೇ ಫೋಟೊ, ಯಾವ ತಿಂಗಳು ಏನು ಸಿಗುತ್ತೆ, ಕೆಜಿ ದರ, ಕೊರಿಯರ್ ಖರ್ಚು, ವಾಟ್ಸಾಪ್ ಬಟನ್.

ಬೆಲ್ಲ, ಪುಡಿ ಮಾರುವವರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, 14 ಅಂಕಿಯ ಸಂಖ್ಯೆಯನ್ನೂ ಹಾಕಿ. ‘ಜೈವಿಕ್ ಭಾರತ್’ ಲೋಗೊ ಹಾಕೋಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕೇ ಬೇಕು.

ಈ ವಾರ ಹೆಸರು ಕೊಳ್ಳಿ. ಅಂದ ಚೆಂದ ಆಮೇಲೆ ನೋಡ್ಕೊಳ್ಳೋಣ.