ಕಂಪನಿ ಕೈಬಿಟ್ಟ ಗಾಡಿಗೆ ನೂರಾರು ವಾರಸುದಾರರು

ಹಳೆಯ ಮನೆ ಕೊಳ್ಳುವವರು ಗೋಡೆ, ಸೂರು, ನೀರು, ವೈರಿಂಗ್ ನೋಡುತ್ತಾರೆ. ಹಳೆಯ ಲಾರಿ ಕೊಳ್ಳುವವರು ಎಂಜಿನ್, ಚಾಸಿ, ಬ್ರೇಕು, ಟಯರ್ ನೋಡುತ್ತಾರೆ. ಐವತ್ತು ವರ್ಷ ಹಳೆಯ ಮೋಟರ್‌ಹೋಮ್ ಕೊಳ್ಳಲು ಹೊರಟವರು ಇವೆಲ್ಲವನ್ನೂ ಒಂದೇ ಗಾಡಿಯಲ್ಲಿ ನೋಡಬೇಕು. ಮಂಚ, ಒಲೆ, ಫ್ರಿಜ್, ಶೌಚಾಲಯ, ಗ್ಯಾಸ್ ಸಿಲಿಂಡರ್, ಜನರೇಟರ್ ಎಲ್ಲವನ್ನೂ ಹೊತ್ತು ಹೆದ್ದಾರಿಯಲ್ಲಿ ಓಡುವ ಈ ಗಾಡಿಯ ಒಳಹೊರಗು ಪೂರ್ತಿ ಬಲ್ಲ ಮೆಕ್ಯಾನಿಕ್ ಸಿಗುವುದು ಅಪರೂಪ. ಕೊಳ್ಳುವವರಿಗಂತೂ ಅಷ್ಟು ತಿಳಿದಿರುವುದಿಲ್ಲ.

ಅದಕ್ಕಾಗಿಯೇ ಅಮೆರಿಕದಲ್ಲಿ ಹಳೆಯ ಮೋಟರ್‌ಹೋಮ್‌ಗಳ ವ್ಯಾಪಾರದಲ್ಲಿ ಮಾರುವವರು, ಕೊಳ್ಳುವವರ ಜೊತೆಗೆ ಮೂರನೆಯವರೊಬ್ಬರು ಇರುತ್ತಾರೆ. ಅವರು ದಲ್ಲಾಳಿಯಲ್ಲ, ಕಮಿಷನ್ ಕೇಳುವುದಿಲ್ಲ. ಅದೇ ಮಾದರಿಯ ಗಾಡಿಯನ್ನು ವರ್ಷಗಟ್ಟಲೆ ಓಡಿಸಿ, ಬಿಚ್ಚಿ, ಜೋಡಿಸಿ ಅದರ ನಾಡಿ ಹಿಡಿದವರು. ಗುರುತು ಪರಿಚಯವಿಲ್ಲದವರ ಪರವಾಗಿ ಟಾರ್ಚ್ ಹಿಡಿದು ಗಾಡಿಯಡಿ ನುಸುಳಿ, ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಇಂಥವರು ಹುಟ್ಟಿಕೊಂಡಿದ್ದು ಹೇಗೆ ಎಂಬುದಕ್ಕೆ ಜಿಎಂಸಿ ಮೋಟರ್‌ಹೋಮ್‌ನ ಕಥೆಗಿಂತ ಒಳ್ಳೆಯ ಉತ್ತರ ಬೇರೆಯಿಲ್ಲ.

ತಗಡಿನ ಡಬ್ಬಿಯ ಗುರುತು

ಗಾಡಿಯಲ್ಲೇ ಮನೆ ಕಟ್ಟಿಕೊಂಡು ತಿರುಗುವವರ ಒಗ್ಗಟ್ಟಿಗೆ ನೂರು ವರ್ಷ ದಾಟಿದೆ. 1919ರಲ್ಲಿ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದ ಡಿಸೋಟೊ ಪಾರ್ಕಿನಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘ ಕಟ್ಟಿದರು. ಫೋರ್ಡ್ ಮಾಡೆಲ್ ಟಿ ಕಾರುಗಳಿಗೆ ಡೇರೆ ಕಟ್ಟಿಕೊಂಡು ದೇಶ ಸುತ್ತುತ್ತಿದ್ದ ಇವರು ರೇಡಿಯೇಟರಿನ ಮುಚ್ಚಳಕ್ಕೆ ತಗಡಿನ ಡಬ್ಬಿಯೊಂದನ್ನು ಬೆಸುಗೆ ಹಾಕಿಸಿಕೊಳ್ಳುತ್ತಿದ್ದರು. ಎದುರಿನಿಂದ ಬರುತ್ತಿರುವವರು ನಮ್ಮವರೇ ಎಂದು ತಿಳಿಯಲು ಅದೇ ಗುರುತು. ಬಿಡಾರ ಚೊಕ್ಕಟವಾಗಿರಬೇಕು, ಸಹಪ್ರವಾಸಿಗಳೊಡನೆ ಸ್ನೇಹದಿಂದಿರಬೇಕು ಎಂಬುದು ಸಂಘದ ಕಟ್ಟಳೆ. ಕಾಲಕ್ರಮದಲ್ಲಿ ಸೊರಗಿಹೋದ ಈ ಸಂಘಕ್ಕೆ 1998ರಲ್ಲಿ ಮಿಶಿಗನ್ನಿನ ಫಾರೆಸ್ಟ್ ಬೋನ್ ಮತ್ತು ಜೆರಿ ಬೋನ್ ದಂಪತಿ ಮರುಜೀವ ಕೊಟ್ಟರು. ಈಗ ಅದು ಹಳೆಯ ಟ್ರೈಲರ್ ಮತ್ತು ಮೋಟರ್‌ಹೋಮ್‌ಗಳನ್ನು ಕಾಪಾಡುವವರ ಸಂಘ. ಅದರ ಮೇಳಗಳಲ್ಲಿ ಸದಸ್ಯರು ತಮ್ಮ ಗಾಡಿಗಳ ಬಾಗಿಲು ತೆರೆದಿಟ್ಟು ಬಂದವರನ್ನೆಲ್ಲ ಒಳಗೆ ಕರೆಯುತ್ತಾರೆ. ಕೊಳ್ಳುವ ಆಸೆಯಿದ್ದವರು ಹತ್ತಾರು ಗಾಡಿಗಳ ಒಳಗೆ ಕೂತು, ಎದ್ದು, ಒಡೆಯರೊಡನೆ ಮಾತಾಡಿ ತಮಗೆ ಯಾವುದು ಒಗ್ಗುತ್ತದೆಂದು ತೀರ್ಮಾನಿಸಬಹುದು.

ಎಂಜಿನ್ನೂ ಮನೆಯೂ ಒಂದೇ ಒಡಲಿನಲ್ಲಿರುವ ಗಾಡಿಗಳು ಮಾರುಕಟ್ಟೆಗೆ ಬಂದದ್ದು ಆಮೇಲೆ. ಮಿಶಿಗನ್ನಿನ ಬ್ರೌನ್ ಸಿಟಿಯ ರೇಮಂಡ್ ಫ್ರಾಂಕ್ 1958ರಲ್ಲಿ ತಮ್ಮ ಕುಟುಂಬಕ್ಕೆಂದು ಒಂದನ್ನು ಕಟ್ಟಿದರು. ನೋಡಿದವರು ತಮಗೂ ಬೇಕೆಂದಾಗ ಅದೇ ಉದ್ಯಮವಾಯಿತು. ಡಾಡ್ಜ್ ಚಾಸಿಯ ಮೇಲೆ ಕಟ್ಟಿದ ಆ ಗಾಡಿಗಳು ಮುಂದೆ ಟ್ರಾವ್ಕೊ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. 1966ರಲ್ಲಿ ಅಯೋವಾ ರಾಜ್ಯದ ವಿನ್ನೆಬಾಗೊ ಕಂಪನಿ ಮೋಟರ್‌ಹೋಮ್ ತಯಾರಿಕೆಗೆ ಇಳಿದ ಮೇಲೆ ಮಧ್ಯಮ ವರ್ಗದವರ ಕೈಗೂ ಅವು ಎಟುಕತೊಡಗಿದವು.

ಈ ನಡುವೆ ಇನ್ನೊಂದು ಸಂಗತಿ ನಡೆಯಿತು. 1963ರ ಜುಲೈ 20ರ ಸೂರ್ಯಗ್ರಹಣ ನೋಡಲು ಮೇಯ್ನ್ ರಾಜ್ಯದ ಹಿಂಕ್ಲಿಯಲ್ಲಿ 26 ಕುಟುಂಬಗಳು ತಮ್ಮ ಗಾಡಿಮನೆಗಳೊಡನೆ ಸೇರಿದವು. ಗ್ರಹಣ ಬಿಟ್ಟರೂ ಗೆಳೆತನ ಬಿಡಲಿಲ್ಲ. ಅಲ್ಲಿಯೇ ಫ್ಯಾಮಿಲಿ ಮೋಟರ್ ಕೋಚ್ ಅಸೋಸಿಯೇಷನ್ನಿನ ಬೀಜ ಬಿತ್ತು. ಗಾಡಿಯಿದ್ದವರು ಒಬ್ಬರಿಗೊಬ್ಬರು ನೆರವಾಗುವುದು ಹೀಗೆ ರೂಢಿಯಾಗಿ, ಸಂಘಟನೆಯಾಗಿ ಬೆಳೆಯಿತು.

ತಗ್ಗಿನ ನೆಲದ ಹಿಂದಿನ ಜಾಣ್ಮೆ

ಆಗಿನ ಮೋಟರ್‌ಹೋಮ್‌ಗಳು ಬಹುತೇಕ ಲಾರಿ ಚಾಸಿಯ ಮೇಲೆ ಕೂರಿಸಿದ ಪೆಟ್ಟಿಗೆಗಳು. ಹತ್ತಿಳಿಯಲು ಎತ್ತರ, ತಿರುವಿನಲ್ಲಿ ಓಲಾಟ. ಜನರಲ್ ಮೋಟರ್ಸ್ ಕಂಪನಿಯ ಲಾರಿ ವಿಭಾಗವಾದ ಜಿಎಂಸಿ ಈ ವಿನ್ಯಾಸವನ್ನೇ ಬದಲಿಸಲು ಹೊರಟಿತು. 1972ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಬಳಿಯ ಡಲ್ಲೆಸ್ ವಿಮಾನ ನಿಲ್ದಾಣದಲ್ಲಿ ನಡೆದ ಸಾರಿಗೆ ಪ್ರದರ್ಶನದಲ್ಲಿ ಅದರ ಮೋಟರ್‌ಹೋಮ್ ಜನರ ಕಣ್ಣಿಗೆ ಬಿತ್ತು. 1973ರ ಮಾದರಿಯಾಗಿ ಮಾರಾಟಕ್ಕೆ ಬಂತು. ಎರಡು ಉದ್ದಗಳಿದ್ದವು: 23 ಅಡಿ ಮತ್ತು 26 ಅಡಿ.

ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನ 455 ಘನ ಇಂಚಿನ, ಅಂದರೆ ಸುಮಾರು ಏಳೂವರೆ ಲೀಟರಿನ ವಿ-8 ಎಂಜಿನ್ನನ್ನೂ ಅದರ ಗೇರ್‌ಬಾಕ್ಸನ್ನೂ ತಂದು ಮುಂಭಾಗದಲ್ಲಿ ಕೂರಿಸಿದರು. ಎಂಜಿನ್ನಿನ ಹಿಂದಿರುವ ಟಾರ್ಕ್ ಕನ್ವರ್ಟರಿನಿಂದ ಶಕ್ತಿ ಅಗಲವಾದ ಸರಪಳಿಯೊಂದರ ಮೂಲಕ ಪಕ್ಕದಲ್ಲಿ ಮುಂದಕ್ಕೆ ಮುಖಮಾಡಿ ಕೂತ ಗೇರ್‌ಬಾಕ್ಸಿಗೆ ದಾಟುತ್ತದೆ, ಅಲ್ಲಿಂದ ಮುಂದಿನ ಚಕ್ರಗಳಿಗೆ. ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಗೊಡವೆಯೇ ಇಲ್ಲ. ನೆಲದಡಿ ಉದ್ದಕ್ಕೆ ಹಾಯುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲ, ಹಿಂದೆ ಅಡ್ಡ ಆಕ್ಸಲ್ ಇಲ್ಲ. ಎರಡೂ ಬದಿಗೆ ಒಂದರ ಹಿಂದೊಂದು ಎರಡೆರಡು ಚಕ್ರ, ಅವುಗಳ ನಡುವೆ ಭಾರ ಹೊರಲು ರಬ್ಬರಿನ ಗಾಳಿಚೀಲ. ಇದರಿಂದಾಗಿ ಮನೆಯ ನೆಲ ರಸ್ತೆಯಿಂದ ಸುಮಾರು 14 ಇಂಚಿನಷ್ಟೇ ಮೇಲಿದೆ. ಒಂದೇ ಮೆಟ್ಟಿಲು ಹತ್ತಿದರೆ ಒಳಗೆ. ಮೈಗೆ ಅಲ್ಯುಮಿನಿಯಂ ಮತ್ತು ಫೈಬರ್‌ಗ್ಲಾಸ್. ಮುಂಭಾಗದಲ್ಲಿ ಇಡೀ ರಸ್ತೆಯನ್ನು ಕಣ್ಣೆದುರು ಹರಡುವ ಗಾಜು. ಇಂದು ನೋಡಿದರೂ ಅದರ ರೇಖೆಗಳು ಹಳತೆನಿಸುವುದಿಲ್ಲ.

ಆದರೆ ಕಾಲ ಕೂಡಿಬರಲಿಲ್ಲ. ಗಾಡಿ ಬಂದ ವರ್ಷವೇ, 1973ರ ಅಕ್ಟೋಬರಿನಲ್ಲಿ, ತೈಲ ನಿರ್ಬಂಧ ಬಂತು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ ಎನ್ನುವ ಗಾಡಿಗೆ ಪೆಟ್ರೋಲ್ ಬಂಕಿನ ಸಾಲುಗಳು ದೊಡ್ಡ ಹೊಡೆತ. ಮುಂದೆ ಕಂಪನಿ ತನ್ನ ದೊಡ್ಡ ಕಾರುಗಳನ್ನು ಕಿರಿದುಗೊಳಿಸಿತು. 1979ರ ಟೊರೊನಾಡೊ ಚಿಕ್ಕದಾದಾಗ ಮೋಟರ್‌ಹೋಮ್ ನೆಚ್ಚಿಕೊಂಡಿದ್ದ ಹಳೆಯ ಗೇರ್‌ಬಾಕ್ಸಿಗೇ ನೆಲೆಯಿರಲಿಲ್ಲ. 1978ರ ಮಾದರಿಗೇ ಜಿಎಂಸಿ ಪೂರ್ಣವಿರಾಮ ಹಾಕಿತು. ಮಿಶಿಗನ್ನಿನ ಪಾಂಟಿಯಾಕ್ ಕಾರ್ಖಾನೆಯಿಂದ ಅಷ್ಟರಲ್ಲಿ ಹೊರಬಂದಿದ್ದ ಗಾಡಿಗಳು ಹದಿಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ. ಕಂಪನಿ ಮತ್ತೆ ಅಂಥದ್ದೊಂದನ್ನು ಕಟ್ಟಲೇ ಇಲ್ಲ.

ಒಡೆಯರೇ ಎಂಜಿನಿಯರ್‌ಗಳಾದರು

ತಯಾರಿಸಿದವರು ಕೈಬಿಟ್ಟ ಗಾಡಿ ಸಾಮಾನ್ಯವಾಗಿ ಗುಜರಿಗೆ ಹೋಗುತ್ತದೆ. ಇದು ಹೋಗಲಿಲ್ಲ. ಕಾರಣ ಒಡೆಯರ ಪ್ರೀತಿ ಮತ್ತು ಆ ಪ್ರೀತಿ ತಂದ ಕಸುಬು. ಮೈಸೂರಿನ ಜಾವಾ-ಯೆಜ್ದಿ ಕಾರ್ಖಾನೆ ಮುಚ್ಚಿದ ಮೇಲೂ ಬಿಡಿಭಾಗ ಹುಡುಕಿ ಹುಡುಕಿ ಬೈಕು ಉಳಿಸಿಕೊಂಡವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ.

ಜಿಎಂಸಿ ಒಡೆಯರು ಊರೂರಿನಲ್ಲಿ ಕ್ಲಬ್ಬು ಕಟ್ಟಿದರು. ದೊಡ್ಡ ಸಂಘ ‘ಜಿಎಂಸಿ ಮೋಟರ್‌ಹೋಮ್ಸ್ ಇಂಟರ್‌ನ್ಯಾಷನಲ್’. ಅದರ ಮೇಳಗಳಲ್ಲಿ ಊಟ, ಹರಟೆಯ ಜೊತೆಗೆ ಪಾಠವೂ ನಡೆಯುತ್ತದೆ: ಕಾರ್ಬ್ಯುರೇಟರ್ ಬಿಚ್ಚುವುದು ಹೇಗೆ, ಮುಂದಿನ ಚಕ್ರದ ಬೇರಿಂಗಿಗೆ ಗ್ರೀಸ್ ತುಂಬುವುದು ಹೇಗೆ, ಗಾಳಿಚೀಲ ಬದಲಿಸುವುದು ಹೇಗೆ. ಕಂಪನಿ ಅಚ್ಚು ಹಾಕಿಸಿದ್ದ ರಿಪೇರಿ ಕೈಪಿಡಿಗಳನ್ನು ಜೋಪಾನ ಮಾಡಿ ಹಂಚಿಕೊಂಡರು. ದಾರಿಯಲ್ಲಿ ಗಾಡಿ ಕೈಕೊಟ್ಟರೆ ಯಾವ ಊರಿನಲ್ಲಿ ಯಾರನ್ನು ಕರೆಯಬಹುದು, ಯಾರ ಅಂಗಳದಲ್ಲಿ ಗಾಡಿ ನಿಲ್ಲಿಸಿ ರಿಪೇರಿ ಮಾಡಿಕೊಳ್ಳಬಹುದು ಎಂಬ ಪಟ್ಟಿಗಳನ್ನೂ ಮಾಡಿಕೊಂಡರು.

ಅಲ್ಲಿಗೇ ನಿಲ್ಲಲಿಲ್ಲ. ಕಾರ್ಖಾನೆಯಿಂದ ಬಂದ ಕೊರತೆಗಳನ್ನು ತಾವೇ ತಿದ್ದತೊಡಗಿದರು. ಮೂಲದ ಹದಿನಾರೂವರೆ ಇಂಚಿನ ಚಕ್ರಕ್ಕೆ ಟಯರ್ ಸಿಗುವುದು ಕಷ್ಟವಾದಾಗ 16 ಇಂಚಿನ ಚಕ್ರಕ್ಕೆ ಬದಲಾದರು. ಈ ಭಾರಕ್ಕೆ ಸಾಲದೆನಿಸಿದ ಬ್ರೇಕಿಗೆ ಹೆಚ್ಚು ಗಟ್ಟಿಯಾದ ಡಿಸ್ಕ್ ಬ್ರೇಕ್ ಬಂತು. ಬೆಟ್ಟ ಹತ್ತುವಾಗ ಎಂಜಿನ್ ಏದುಸಿರು ಬಿಡದಂತೆ ಬೇರೆ ಅನುಪಾತದ ಫೈನಲ್ ಡ್ರೈವ್ ಗೇರುಗಳು ಬಂದವು. ಕಾರ್ಬ್ಯುರೇಟರಿನ ಜಾಗಕ್ಕೆ ಎಲೆಕ್ಟ್ರಾನಿಕ್ ಫ್ಯುಯೆಲ್ ಇಂಜೆಕ್ಷನ್ ಬಂತು. ಇವನ್ನೆಲ್ಲ ಮಾಡಿ ಮಾರುವ ಸಣ್ಣ ವರ್ಕ್‌ಶಾಪುಗಳೂ ಹುಟ್ಟಿಕೊಂಡವು. ಹೀಗಾಗಿ ಇಂದು ಮಾರಾಟಕ್ಕಿರುವ ಯಾವ ಎರಡು ಜಿಎಂಸಿಗಳೂ ಒಂದೇ ತರಹ ಇರುವುದಿಲ್ಲ. ಒಂದರಲ್ಲಿ ಹಿಂದಿನ ಒಡೆಯರ ವರ್ಷಗಟ್ಟಲೆಯ ದುಡಿಮೆ ಇರುತ್ತದೆ, ಇನ್ನೊಂದರಲ್ಲಿ ಬಣ್ಣ ಬಳಿದು ಮುಚ್ಚಿದ ತುಕ್ಕು ಇರುತ್ತದೆ. ಇದನ್ನು ಬೇರ್ಪಡಿಸಲು ಬಲ್ಲವರ ಕಣ್ಣು ಬೇಕು.

ಗಾಡಿ ನೋಡುವ ಕ್ರಮ

ದೂರ ಇಲ್ಲಿನ ದೊಡ್ಡ ತೊಡಕು. ಇಷ್ಟವಾದ ಗಾಡಿ ಅರಿಜೋನಾದಲ್ಲಿದ್ದರೆ ಕೊಳ್ಳುವವರು ಒಹಾಯೊದಲ್ಲಿರುತ್ತಾರೆ. ಆಗ ಗಾಡಿಯಿರುವ ಊರಿನ ಹತ್ತಿರದ ಅಭಿಮಾನಿಯೊಬ್ಬರು ಹೋಗಿ ನೋಡಿಬರುತ್ತಾರೆ. ಅನುಭವಿಗಳು ಮಾರುವವರಿಗೆ ಮುಂಚೆಯೇ ಒಂದು ಮಾತು ಹೇಳಿಬಿಡುತ್ತಾರೆ: “ನಾವು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ.” ಬಿಸಿಯಾಗಿರುವ ಎಂಜಿನ್ ತನ್ನ ದೋಷ ಮುಚ್ಚಿಡುತ್ತದೆ. ತಣ್ಣಗಿದ್ದಾಗ ಹೇಗೆ ಹೊತ್ತಿಕೊಳ್ಳುತ್ತದೆ, ಹೊಗೆಯ ಬಣ್ಣವೇನು, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟು ಟಿಕ್ ಟಿಕ್ ಎನ್ನುತ್ತದೆಯೇ ಎಂಬುದೆಲ್ಲ ಮೊದಲ ಕೆಲವು ನಿಮಿಷಗಳಲ್ಲೇ ಗೊತ್ತಾಗಬೇಕು.

ಆಮೇಲೆ ಗಾಳಿಚೀಲ. ಸಂಜೆ ಗಾಳಿ ತುಂಬಿ ಗಾಡಿಯನ್ನು ಮಟ್ಟಕ್ಕೆ ನಿಲ್ಲಿಸಿ, ಹಿಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಎರಡೂ ಬದಿ ಅಳೆದಿಡುತ್ತಾರೆ. ಬೆಳಿಗ್ಗೆ ಒಂದು ಬದಿ ಕುಸಿದಿದ್ದರೆ ಆ ಬದಿಯಲ್ಲಿ ಗಾಳಿ ಸೋರುತ್ತಿದೆ ಎಂದರ್ಥ. ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಸೋರುವುದು ಪೈಪಿನ ಕೀಲಾದರೆ ಅಲ್ಪ ಖರ್ಚು, ಚೀಲವೇ ಒಣಗಿ ಬಿರಿದಿದ್ದರೆ ದೊಡ್ಡ ಖರ್ಚು. ಬೆಲೆಯ ಮಾತು ಆಡುವಾಗ ಈ ವ್ಯತ್ಯಾಸ ಕೊಳ್ಳುವವರ ಕೈಯಲ್ಲಿರುತ್ತದೆ.

ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡುತ್ತಾರೆ. ಎಳೆಯುವುದೂ ತಿರುಗಿಸುವುದೂ ಭಾರದ ಪಾಲು ಹೊರುವುದೂ ಈ ಎರಡು ಚಕ್ರಗಳ ಮೇಲೇ ಬಿದ್ದಿರುವುದರಿಂದ ಬೇರಿಂಗ್ ಮತ್ತು ಬಾಲ್ ಜಾಯಿಂಟಿನ ಸಡಿಲವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೈಗೆ ತುಕ್ಕಿಲ್ಲ ಎಂದು ಮಾರುವವರು ಹೇಳುವುದು ನಿಜವೇ, ಅಲ್ಯುಮಿನಿಯಂ ಮತ್ತು ಫೈಬರ್‌ಗ್ಲಾಸಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಡಿಯ ಚಾಸಿ ಉಕ್ಕಿನದು. ಮಂಜು ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಓಡಿದ ಗಾಡಿಯಾದರೆ ಹಿಂಬದಿಯ ಚಾಸಿಯನ್ನು ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತಾರೆ.

ಮನೆಯ ಪಾಲಿನ ಶತ್ರು ನೀರು. ಕಿಟಕಿ, ಚಾವಣಿಯ ಗಾಳಿಕಿಂಡಿಗಳ ಸುತ್ತ ಒಣಗಿದ ಅಂಟಿನಿಂದ ಮಳೆನೀರು ಇಳಿದು ನೆಲದ ಪ್ಲೈವುಡ್ ಸೇರುತ್ತದೆ. ಬಾಗಿಲ ಬಳಿ, ಕಿಟಕಿಯಡಿ, ಶೌಚಾಲಯದ ಸುತ್ತ ಕಾರ್ಪೆಟ್ ಎತ್ತಿ ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ಅದು ಮೆತ್ತಗೆ ಒಳಗಿಳಿದರೆ ಮರ ಕೊಳೆತಿದೆ ಎಂದೇ ಲೆಕ್ಕ. ಹೊಸ ಕಾರ್ಪೆಟ್ಟನ್ನು ಅನುಮಾನದಿಂದ ನೋಡುವುದನ್ನು ಅನುಭವಿಗಳು ಹೊಸಬರಿಗೆ ಮೊದಲು ಕಲಿಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪೆಟ್ರೋಲಿನ ಹೋಸ್ ಪೈಪುಗಳು. ಎಪ್ಪತ್ತರ ದಶಕದ ರಬ್ಬರಿಗೆ ಇಂದಿನ ಎಥೆನಾಲ್ ಬೆರೆತ ಪೆಟ್ರೋಲ್ ಆಗದು, ಪೈಪು ಒಳಗಿನಿಂದ ಮೆತ್ತಗಾಗಿ ಬಿರಿಯುತ್ತದೆ. ಎಂಜಿನ್ ಮೇಲೆಯೇ ಮನುಷ್ಯರು ಕೂರುವ, ಹಿಂದೆ ಮಕ್ಕಳು ಮಲಗುವ ಗಾಡಿಯಲ್ಲಿ ಪೆಟ್ರೋಲ್ ಸೋರುವುದೆಂದರೆ ಬೆಂಕಿಯ ಭಯ. ಪೈಪು ಯಾವಾಗ ಬದಲಿಸಿದ್ದೆಂದು ಮಾರುವವರು ಹೇಳಲಾರದಿದ್ದರೆ, ಎಲ್ಲವನ್ನೂ ಬದಲಿಸುವ ತನಕ ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಲಾರಿಯ ಮೇಲೆ ಹೇರಿಸಿ ತರಿಸಿ ಎಂದು ಕಟ್ಟುನಿಟ್ಟಾಗಿ ಹೇಳುತ್ತಾರೆ. ಟಯರಿನ ಪಕ್ಕೆಯ ಕೊನೆಯ ನಾಲ್ಕು ಅಂಕಿಗಳನ್ನೂ ಓದುತ್ತಾರೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಮೇಲ್ಮೈಯ ಗೀರುಗಳು ಸವೆಯದಿದ್ದರೂ ವಯಸ್ಸಾದ ಟಯರ್ ವಯಸ್ಸಾದದ್ದೇ.

ಅಗ್ಗದ ಗಾಡಿ ದುಬಾರಿ

ಈ ಬಳಗದ ಹಿರಿಯರು ಹೇಳುವ ಮಾತು ಬಹುಪಾಲು ಒಂದೇ: ಕೈಲಾದಷ್ಟು ಒಳ್ಳೆಯ ಗಾಡಿ ಕೊಳ್ಳಿ. ಅರ್ಧ ಬೆಲೆಗೆ ಸಿಕ್ಕ ನಿಂತ ಗಾಡಿಗೆ ಬ್ರೇಕು, ಟಯರ್, ಚೀಲ, ಪೈಪು, ನೆಲ ಎಂದು ಹಾಕುತ್ತ ಹೋದರೆ, ಯಾರೋ ಆಗಲೇ ಸರಿಪಡಿಸಿ ಓಡಿಸುತ್ತಿರುವ ಗಾಡಿಯ ಬೆಲೆಯನ್ನು ಅದು ಎಂದೋ ದಾಟಿರುತ್ತದೆ. ಹಿಂದಿನ ಒಡೆಯರು ಕೂಡಿಟ್ಟ ರಸೀದಿಗಳ ಕಟ್ಟು ಹೊಳೆಯುವ ಬಣ್ಣಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಮೊದಲ ವರ್ಷದ ರಿಪೇರಿಗೆಂದು ಬೇರೆಯೇ ಹಣ ತೆಗೆದಿಟ್ಟಿರಬೇಕು. ಮೊದಲ ಪ್ರವಾಸ ಮನೆಗೆ ಹತ್ತಿರದ ಊರಿಗೇ ಇರಬೇಕು.

ಈ ಸಲಹೆಗಳಲ್ಲಿ ಗಮನಿಸಬೇಕಾದ ಒಂದು ಗುಣವಿದೆ. ಅಭಿಮಾನಿಗಳು “ಕೊಳ್ಳಿ” ಎಂದು ಹುರಿದುಂಬಿಸುವಷ್ಟೇ ಸಲೀಸಾಗಿ “ಬೇಡ, ಬಿಟ್ಟುಬಿಡಿ” ಎಂದೂ ಹೇಳುತ್ತಾರೆ. ತಮ್ಮ ಪ್ರೀತಿಯ ಗಾಡಿಗೆ ಇನ್ನೊಬ್ಬ ಒಡೆಯ ಸಿಗಲಿ ಎಂಬ ಆಸೆ ಅವರಿಗಿರುತ್ತದೆ. ಆದರೆ ಹಾಳು ಗಾಡಿ ಕೊಂಡು ಕೈಸುಟ್ಟುಕೊಂಡವರು ಎರಡೇ ವರ್ಷದಲ್ಲಿ ಸೋತು ಕೂರುತ್ತಾರೆ, ಗಾಡಿಯೂ ಹೋಗುತ್ತದೆ, ಮನುಷ್ಯರೂ ಬಳಗದಿಂದ ದೂರವಾಗುತ್ತಾರೆ ಎಂಬುದು ಅವರು ಕಂಡುಂಡ ಸತ್ಯ. ನಿಜ ಹೇಳುವುದೇ ಗಾಡಿ ಉಳಿಸುವ ದಾರಿ ಎಂದು ಅವರು ನಂಬಿದ್ದಾರೆ. ಮಾರುಕಟ್ಟೆಯಲ್ಲಿ ಇಂಥ ನಂಬಿಕೆ ಸಿಗುವುದು ಬಲು ಅಪರೂಪ, ಅದಕ್ಕಾಗಿಯೇ ಇದು ದೊಡ್ಡದು.

ಜಿಎಂಸಿಗಳಿಗೆ ಈಗ ಅರ್ಧ ಶತಮಾನ. ಅವುಗಳನ್ನು ಹೊಸದಾಗಿ ಕೊಂಡವರ ಪೀಳಿಗೆಗೆ ವಯಸ್ಸಾಗಿದೆ. ಬಿಡಿಭಾಗಗಳನ್ನು ಹೊಸದಾಗಿ ಮಾಡಿಸಬಹುದು, ಸದ್ದು ಕೇಳಿಯೇ ದೋಷ ಹೇಳುವ ಕಿವಿಯನ್ನು ಮಾತ್ರ ಒಬ್ಬರು ಪಕ್ಕದಲ್ಲಿ ನಿಂತು ಇನ್ನೊಬ್ಬರಿಗೆ ಕಲಿಸಬೇಕು. ಆದ್ದರಿಂದ ಇಂಥ ಗಾಡಿ ಕೊಳ್ಳಲು ಹೊರಟವರು ಮೊದಲು ಬಳಗವನ್ನು ಹುಡುಕಬೇಕು, ಒಂದೆರಡು ಮೇಳಗಳಲ್ಲಿ ಓಡಾಡಬೇಕು, ಆಮೇಲೆ ಹಣ ಎಣಿಸಬೇಕು. ಕೊಂಡ ಮೇಲೆ ಪಡೆದ ನೆರವಿಗೆ ಕೃತಜ್ಞತೆಯ ಮಾತಷ್ಟೇ ಸಾಲದು. ನಾಳೆ ತಮ್ಮ ಊರಿನಲ್ಲೊಂದು ಗಾಡಿ ಮಾರಾಟಕ್ಕೆ ಬಂದು, ದೂರದ ಯಾರೋ ನೋಡಿ ಹೇಳುವಿರಾ ಎಂದು ಕೇಳಿದಾಗ, ಟಾರ್ಚ್ ಹಿಡಿದು ಹೋಗುವ ಸರದಿ ಅವರದು.