ಅಮೆರಿಕನ್ ಫುಟ್‌ಬಾಲ್ ಹುಡುಗರು: ನಂಬಿದ್ದೆಷ್ಟು, ನಿಜವೆಷ್ಟು

ಸಾಂಟಾ ಕ್ಲಾರಾ, ಸನ್ನಿವೇಲ್ ಕಡೆ ಮಗನೋ ಮಗಳೋ ನೆಲೆಸಿರುವ ಮನೆಗಳಲ್ಲಿ ‘ಫಾರ್ಟಿನೈನರ್ಸ್’ ಎಂಬ ಹೆಸರು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ಹೆಸರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಇದ್ದರೂ 2014ರಿಂದ ಆ ತಂಡದ ತವರು ಅಂಗಳ ಸಾಂಟಾ ಕ್ಲಾರಾದಲ್ಲೇ ಇದೆ. ಅಮೆರಿಕನ್ ಫುಟ್‌ಬಾಲ್ ನಮಗೆ ಅಷ್ಟಾಗಿ ಅರ್ಥವಾಗದು. ಆದರೆ ಅದನ್ನು ಆಡುವ ಹುಡುಗರ ಬಗ್ಗೆ ಗಟ್ಟಿ ಅಭಿಪ್ರಾಯಗಳಿಗೇನೂ ಬರವಿಲ್ಲ: ಓದು ಬಿಟ್ಟು ಬರುತ್ತಾರೆ, ಸಹಿ ಹಾಕಿದ ದಿನವೇ ಕೋಟ್ಯಧಿಪತಿಗಳಾಗುತ್ತಾರೆ, ಹೆಲ್ಮೆಟ್ ಇರುವುದರಿಂದ ತಲೆಗೇನೂ ಆಗದು. ಇವುಗಳಲ್ಲಿ ಒಂದೂ ಪೂರ್ತಿ ನಿಜವಲ್ಲ.

“ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಹಾಗೇ”

ಅಲ್ಲ. ಅಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಈ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳಲು ಏಳು ಸುತ್ತುಗಳಲ್ಲಿ ಸರದಿಯ ಪ್ರಕಾರ ಹೆಸರು ಹೇಳುತ್ತವೆ; ಇದೇ ಡ್ರಾಫ್ಟ್. ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಆಟಗಾರನಿಗೆ ತಂಡವನ್ನು ಆರಿಸಿಕೊಳ್ಳುವ ಹಕ್ಕಿಲ್ಲ, ಸಂಬಳಕ್ಕೆ ಚೌಕಾಸಿ ಮಾಡುವ ಅವಕಾಶವೂ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಎಷ್ಟನೆಯವನಾಗಿ ಹೆಸರು ಬಂತು ಎಂಬುದೇ ನಾಲ್ಕು ವರ್ಷದ ಸಂಬಳವನ್ನು ತೀರ್ಮಾನಿಸುತ್ತದೆ. 2011ರ ಕಾರ್ಮಿಕ ಒಪ್ಪಂದ ತಂದ ಈ ನಿಯಮ ಎಂಥ ಕತ್ತರಿ ಆಡಿಸಿತು ನೋಡಿ. 2010ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್, ಅದರಲ್ಲಿ 5 ಕೋಟಿ ಖಾತರಿ. ಮರುವರ್ಷ ಅದೇ ಜಾಗದಲ್ಲಿ ಆಯ್ಕೆಯಾದ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ.

“ಹದಿನೆಂಟಕ್ಕೇ ಓದು ಬಿಟ್ಟು ಬರುತ್ತಾರೆ”

ಬರಲಾಗದು. ಹೈಸ್ಕೂಲ್ ಮುಗಿಸಿ ಮೂರು ವರ್ಷ ಕಳೆಯದವನನ್ನು ಡ್ರಾಫ್ಟ್‌ಗೆ ಸೇರಿಸುವುದೇ ಇಲ್ಲ. ಆ ಮೂರು ವರ್ಷ ಬಹುತೇಕ ಎಲ್ಲರೂ ಕಾಲೇಜು ತಂಡದಲ್ಲಿ ಆಡುತ್ತಾರೆ. ಎಂಬತ್ತು ತೊಂಬತ್ತು ಸಾವಿರ ಜನ ಟಿಕೆಟ್ ಕೊಂಡು ಬರುವ ಅಂಗಳಗಳಲ್ಲಿ ಆಡಿದರೂ 2021ರ ಜುಲೈವರೆಗೆ ಈ ಹುಡುಗರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಒಂದು ಡಾಲರ್ ದುಡಿಯುವಂತಿರಲಿಲ್ಲ. ಕೋಚ್‌ಗಳು ಮಾತ್ರ ಆಗಲೂ ಕೋಟಿಗಳಲ್ಲೇ ಎಣಿಸುತ್ತಿದ್ದರು.

“ಮೊದಲು ಕರೆದ ಹೆಸರೇ ದೊಡ್ಡ ಆಟಗಾರ”

ಇಲ್ಲಿ ಫಾರ್ಟಿನೈನರ್ಸ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಕಥೆ ಹೇಳಲೇಬೇಕು. ಚೆಂಡು ಮೊದಲು ಕೈಗೆ ಬರುವುದು, ಅದನ್ನು ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವುದು ಕ್ವಾರ್ಟರ್‌ಬ್ಯಾಕ್. 2021ರಲ್ಲಿ ತಂಡ ಟ್ರೇ ಲ್ಯಾನ್ಸ್ ಎಂಬ ಹುಡುಗನನ್ನು ಮೂರನೆಯವನಾಗಿ ಆರಿಸಿತು. ಆ ಸರದಿಗಾಗಿ ಮಯಾಮಿ ತಂಡಕ್ಕೆ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೇ ಬಿಟ್ಟುಕೊಟ್ಟಿತ್ತು. ಮರುವರ್ಷ ಅದೇ ತಂಡ ಕೊನೆಯ ಸುತ್ತಿನ ಕೊನೆಯಲ್ಲಿ, 262ನೆಯವನಾಗಿ, ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಬ್ರಾಕ್ ಪರ್ಡಿಯ ಹೆಸರು ಹೇಳಿತು. ಅವನ ನಂತರ ಆ ವರ್ಷ ಇನ್ನಾವ ಹೆಸರೂ ಇರಲಿಲ್ಲ.

ಕೊನೆಯವನಿಗೆ ‘ಮಿಸ್ಟರ್ ಇರ್ರೆಲೆವೆಂಟ್’, ಅಂದರೆ ಲೆಕ್ಕಕ್ಕಿಲ್ಲದವನು, ಎಂಬ ಬಿರುದು. 1976ರಿಂದ ನಡೆದು ಬಂದಿರುವ ಈ ತಮಾಷೆಯ ಭಾಗವಾಗಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಅವನಿಗೆ ಮೆರವಣಿಗೆ, ಔತಣ ಎಲ್ಲ ಇರುತ್ತದೆ. ಕೊಡುವ ಟ್ರೋಫಿಯ ಮೇಲಿರುವುದು ಚೆಂಡನ್ನು ಕೈಜಾರಿಸುತ್ತಿರುವ ಆಟಗಾರನ ಬೊಂಬೆ. ಇಪ್ಪತ್ತೆರಡರ ಹುಡುಗ ನಗುನಗುತ್ತಾ ಅದನ್ನು ಹಿಡಿದು ಫೋಟೊಗೆ ನಿಲ್ಲಬೇಕು.

2022ರ ಸೀಸನ್ನಿನ ಎರಡನೇ ಪಂದ್ಯದಲ್ಲೇ ಲ್ಯಾನ್ಸ್‌ನ ಪಾದದ ಕೀಲು ಮುರಿಯಿತು. ಡಿಸೆಂಬರ್‌ನಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪ್ಪೊಲೊಗೂ ಪಾದದ ಮೂಳೆ ಮುರಿಯಿತು. ಇನ್ನು ಉಳಿದವನು ಪರ್ಡಿ. ಮೊದಲ ಸಲ ಆರಂಭದಿಂದ ಆಡಿದ ಪಂದ್ಯದಲ್ಲಿ ಎದುರಿಗಿದ್ದದ್ದು ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಟ್ಯಾಂಪಾ ಬೇ ತಂಡ. ಫಾರ್ಟಿನೈನರ್ಸ್ 35-7ರಿಂದ ಗೆದ್ದಿತು. ಲೀಗ್ ಹಂತದಲ್ಲಿ ಅವನು ಆರಂಭಿಸಿದ ಐದು ಪಂದ್ಯಗಳಲ್ಲಿ ಒಂದನ್ನೂ ತಂಡ ಸೋಲಲಿಲ್ಲ. 2023ರ ಜನವರಿಯಲ್ಲಿ ಫಿಲಡೆಲ್ಫಿಯಾ ವಿರುದ್ಧ ಮೊಣಕೈಯ ಅಸ್ಥಿರಜ್ಜು ಹರಿದು, ಮಾರ್ಚ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಸೆಪ್ಟೆಂಬರ್‌ಗೆ ಮತ್ತೆ ಅಂಗಳದಲ್ಲಿದ್ದ. 2024ರ ಫೆಬ್ರುವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಆಡಿ ಹೆಚ್ಚುವರಿ ಅವಧಿಯಲ್ಲಿ ಕ್ಯಾನ್ಸಸ್ ಸಿಟಿಗೆ 25-22ರಿಂದ ಸೋತ. ಲ್ಯಾನ್ಸ್ ಅಷ್ಟು ಹೊತ್ತಿಗೆ ತಂಡದಲ್ಲೇ ಇರಲಿಲ್ಲ. 2023ರ ಆಗಸ್ಟ್‌ನಲ್ಲಿ, ನಾಲ್ಕನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಅವನನ್ನು ಡಲ್ಲಾಸ್‌ಗೆ ಕಳಿಸಿಯಾಗಿತ್ತು.

ಹಾಗೆಂದು ಡ್ರಾಫ್ಟ್ ಬರೀ ಲಾಟರಿ ಎನ್ನುವುದೂ ತಪ್ಪೇ. ಮುಂಚೆ ಆಯ್ಕೆಯಾದವನು ಎಡವಿದರೆ ತಂಡ ಕಾಯುತ್ತದೆ, ಹಿಂದಿನವನು ಎಡವಿದರೆ ಕಾಯುವುದಿಲ್ಲ. ಬ್ರೇಡಿಯೇ 2000ದಲ್ಲಿ 199ನೆಯವನಾಗಿ ಬಂದವನು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ; ಅವನ ಆಸುಪಾಸಿನಲ್ಲಿ ಆಯ್ಕೆಯಾದ ಉಳಿದವರು ಎಲ್ಲಿ ಹೋದರೆಂದು ಯಾರೂ ಕೇಳುವುದಿಲ್ಲ.

“ಆಯ್ಕೆಯಾದರೆ ಕೆಲಸ ಸಿಕ್ಕಿದ ಹಾಗೆ”

ಬೇಸಿಗೆಯ ಕ್ಯಾಂಪ್‌ನಲ್ಲಿ ಒಂದೊಂದು ತಂಡಕ್ಕೂ 90 ಆಟಗಾರರು. ಆಗಸ್ಟ್ ಕೊನೆಗೆ ಅದು 53ಕ್ಕೆ ಇಳಿಯಬೇಕು. 32 ತಂಡಗಳನ್ನೂ ಸೇರಿಸಿದರೆ ಸುಮಾರು 1,200 ಮಂದಿ ಪಟ್ಟಿಯಿಂದ ಹೊರಗೆ, ಬಹುಪಾಲು ಕೊನೆಯ ಎರಡು ಮೂರು ದಿನಗಳಲ್ಲೇ. ತಂಡದ ಸಿಬ್ಬಂದಿಯೊಬ್ಬ ಬಂದು ಹೇಳುವ ಮಾತು ದಶಕಗಳಿಂದ ಒಂದೇ: ಕೋಚ್ ಕರೆಯುತ್ತಿದ್ದಾರೆ, ಪ್ಲೇಬುಕ್ (ತಂಡದ ಆಟದ ತಂತ್ರಗಳ ಪುಸ್ತಕ) ತೆಗೆದುಕೊಂಡು ಬಾ. ಈ ಸುದ್ದಿ ತರುವವನಿಗೆ ಆಟಗಾರರು ಇಟ್ಟಿರುವ ಹೆಸರು ‘ಟರ್ಕ್’. ಈಗ ಪ್ಲೇಬುಕ್ ಇರುವುದು ಟ್ಯಾಬ್ಲೆಟ್‌ನಲ್ಲಿ, ಅದನ್ನೇ ವಾಪಸ್ ಕೊಡುತ್ತಾರೆ. ಹೊರಬಿದ್ದವರಲ್ಲಿ ತಂಡಕ್ಕೆ ಹದಿನಾರರಂತೆ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಸೇರುತ್ತಾರೆ. ಅಲ್ಲಿ ವಾರದ ಕೂಲಿ, ವಾರದ ಭರವಸೆ.

“ಹೆಲ್ಮೆಟ್ ಇದೆಯಲ್ಲ, ತಲೆಗೇನು ಭಯ”

ಹೆಲ್ಮೆಟ್ ತಲೆಬುರುಡೆ ಒಡೆಯುವುದನ್ನು ತಡೆಯುತ್ತದೆ. ಆದರೆ ಓಡುತ್ತಿದ್ದ ದೇಹ ತಟ್ಟನೆ ನಿಂತಾಗ ಮಿದುಳು ಬುರುಡೆಯೊಳಗೇ ಅಲುಗಾಡುತ್ತದೆ. ಆ ಅಲುಗಾಟವನ್ನು ಹೆಲ್ಮೆಟ್ ಪೂರ್ತಿ ತಡೆಯಲಾರದು. ಸಿಟಿಇ ಎಂಬ ಮಿದುಳಿನ ಕಾಯಿಲೆ ಬರಲು ಪ್ರಜ್ಞೆ ತಪ್ಪುವಂಥ ಒಂದು ದೊಡ್ಡ ಏಟೇ ಆಗಬೇಕೆಂದಿಲ್ಲ. ವರ್ಷಗಟ್ಟಲೆ ಬೀಳುವ ಸಣ್ಣ ಸಣ್ಣ ಪೆಟ್ಟುಗಳೂ ಸಾಕು. ಅದು ಖಚಿತವಾಗುವುದು ಸತ್ತ ಮೇಲೆ, ಮಿದುಳನ್ನು ಪರೀಕ್ಷಿಸಿದಾಗಲೇ.

ಇದರ ಬೆನ್ನಿಗೇ ಇನ್ನೊಂದು ತಪ್ಪು ಲೆಕ್ಕ ಓಡಾಡುತ್ತದೆ: ನೂರಕ್ಕೆ ತೊಂಬತ್ತೊಂಬತ್ತು ಎನ್‌ಎಫ್‌ಎಲ್ ಆಟಗಾರರಿಗೆ ಸಿಟಿಇ ಇದೆಯೆಂದು. 2017ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 111 ಮಾಜಿ ಆಟಗಾರರ ಪೈಕಿ 110 ಮಂದಿಯ ಮಿದುಳಿನಲ್ಲಿ ಅದು ಕಂಡದ್ದು ನಿಜ. ಆದರೆ ಆ ಮಿದುಳುಗಳು ಹೆಚ್ಚಾಗಿ ಬಂದದ್ದು ಲಕ್ಷಣ ಕಂಡು ಅನುಮಾನಪಟ್ಟಿದ್ದ ಕುಟುಂಬಗಳಿಂದ. ಸಂಶೋಧಕರೇ ಈ ಮಿತಿಯನ್ನು ಹೇಳಿದ್ದಾರೆ. ಭಯಪಡಲು ನಿಜವಾದ ಕಾರಣವೇ ಸಾಕಷ್ಟಿರುವಾಗ ಅಂಕಿ ಉಬ್ಬಿಸುವುದೇಕೆ? ಕ್ರಿಸ್ ಬೋರ್ಲಂಡ್ ಅಂಕಿಗಾಗಿ ಕಾಯಲಿಲ್ಲ. ಫಾರ್ಟಿನೈನರ್ಸ್‌ನಲ್ಲಿ ಒಂದೇ ಒಂದು ಸೀಸನ್ ಚೆನ್ನಾಗಿ ಆಡಿ, 2015ರ ಮಾರ್ಚ್‌ನಲ್ಲಿ, 24ರ ವಯಸ್ಸಿಗೆ, ತಲೆಯೇ ಮುಖ್ಯ ಎಂದು ನಿವೃತ್ತನಾದ. ಸಹಿ ಬೋನಸ್‌ನ ಮುಕ್ಕಾಲು ಪಾಲನ್ನು ವಾಪಸ್ ಕೊಡಬೇಕಾಗಿ ಬಂತು.

“ಹ್ಯಾಮ್ಲಿನ್ ಕುಸಿದದ್ದು ಕೋವಿಡ್ ಲಸಿಕೆಯಿಂದ”

ವಾಟ್ಸಾಪ್‌ನಲ್ಲಿ ನಮ್ಮೂರಿಗೂ ತಲುಪಿದ ಸುಳ್ಳು ಇದು. 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಬಫಲೋ ಬಿಲ್ಸ್‌ನ 24ರ ಡಮಾರ್ ಹ್ಯಾಮ್ಲಿನ್ ಎದುರಾಳಿಯನ್ನು ತಡೆದು ಬೀಳಿಸಿ ಎದ್ದು ನಿಂತ, ಒಂದೆರಡು ಹೆಜ್ಜೆಯಲ್ಲಿ ಹಿಮ್ಮುಖವಾಗಿ ಬಿದ್ದ. ಹೃದಯ ನಿಂತಿತ್ತು. ಅಂಗಳದಲ್ಲೇ ಎದೆಯೊತ್ತಿ ಜೀವ ಉಳಿಸಿದರು. ಏಪ್ರಿಲ್‌ನಲ್ಲಿ ತಜ್ಞರ ಒಮ್ಮತದ ತೀರ್ಮಾನ ಹೊರಬಿತ್ತು: ಕೊಮೋಶಿಯೊ ಕಾರ್ಡಿಸ್. ಹೃದಯದ ಬಡಿತದ ಒಂದು ಕ್ಷಣಾರ್ಧದ ಸಂದಿಯಲ್ಲಿ ಎದೆಗೆ ಪೆಟ್ಟು ಬಿದ್ದರೆ ಅದರ ಲಯ ತಪ್ಪಿಹೋಗುತ್ತದೆ. ಬೇಸ್‌ಬಾಲ್ ಆಡುವ ಮಕ್ಕಳಲ್ಲಿ ಇದು ಹಿಂದಿನಿಂದಲೂ ಕಂಡದ್ದೇ. ಅದೇ ವರ್ಷ ಹ್ಯಾಮ್ಲಿನ್ ಮತ್ತೆ ಆಟಕ್ಕಿಳಿದ.

ಆರನೇ ಸುತ್ತಿನ ಆಟಗಾರನಾಗಿದ್ದ ಆತನ ಒಪ್ಪಂದದಲ್ಲಿ, ಗಾಯಾಳು ಪಟ್ಟಿ ಸೇರಿದರೆ ಸಂಬಳ ಅರ್ಧದ ಹತ್ತಿರಕ್ಕೆ ಇಳಿಯುವ ಷರತ್ತಿತ್ತು. ಪೂರ್ತಿ ಸಂಬಳ ಕೊಡುವುದಾಗಿ ತಂಡ ತಾನಾಗಿ ಒಪ್ಪಿತು. ಟಿವಿಯಲ್ಲಿ ದೇಶವೇ ನೋಡಿರದಿದ್ದರೆ ಒಪ್ಪುತ್ತಿತ್ತೇ ಎಂಬುದು ನನ್ನ ಅನುಮಾನ.

“ಸಹಿ ಹಾಕಿದರೆ ಕೋಟ್ಯಧಿಪತಿ”

ರೂಪಾಯಿಗೆ ಬದಲಾಯಿಸಿ ನೋಡಿದರೆ ಹೌದು ಅನ್ನಿಸುತ್ತದೆ. ಪರ್ಡಿಯ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ ಸುಮಾರು 37 ಲಕ್ಷ ಡಾಲರ್. ಆದರೆ ಸಹಿ ಹಾಕಿದಾಗ ಖಾತರಿಯಾಗಿ ಕೈಗೆ ಬಂದದ್ದು ಸುಮಾರು 77 ಸಾವಿರ ಡಾಲರ್ ಬೋನಸ್ ಮಾತ್ರ. ಉಳಿದದ್ದೆಲ್ಲ ತಂಡದಲ್ಲಿ ಉಳಿದರೆ. ಲ್ಯಾನ್ಸ್‌ನದು ಸುಮಾರು 3.4 ಕೋಟಿ ಡಾಲರ್, ಪೂರ್ತಿ ಖಾತರಿ. ಫಾರ್ಟಿನೈನರ್ಸ್ ಪರವಾಗಿ ಅವನು ಆರಂಭಿಸಿದ್ದು ನಾಲ್ಕೇ ಪಂದ್ಯ. ತಂಡವನ್ನು ಸೂಪರ್ ಬೌಲ್‌ವರೆಗೆ ಒಯ್ದ 2023ರ ಸೀಸನ್ನಿನಲ್ಲಿ ಪರ್ಡಿಯ ಮೂಲ ಸಂಬಳ 8.7 ಲಕ್ಷ ಡಾಲರ್. ಹೆಚ್ಚು ಕೊಡಲು ತಂಡಕ್ಕೆ ಮನಸ್ಸಿದ್ದರೂ ಕೊಡುವಂತಿರಲಿಲ್ಲ. ಡ್ರಾಫ್ಟ್‌ನಲ್ಲಿ ಬಂದವನ ಒಪ್ಪಂದವನ್ನು ಮೂರು ಸೀಸನ್ ಮುಗಿಯುವವರೆಗೆ ಮುಟ್ಟುವಂತಿಲ್ಲ. ಅದು ಮುಗಿದ ಮೇಲೆ, 2025ರ ಮೇನಲ್ಲಿ, ಐದು ವರ್ಷಕ್ಕೆ 26.5 ಕೋಟಿ ಡಾಲರ್‌ಗೆ ಸಹಿ ಬಿತ್ತು.

ನಮ್ಮ ಪತ್ರಿಕೆಗಳಿಗೂ ಬಂದದ್ದು ಈ ಕೊನೆಯ ಅಂಕಿ. ಆಟಗಾರರ ಸಂಘದ ಲೆಕ್ಕದಲ್ಲಿ ಒಬ್ಬನ ಸರಾಸರಿ ವೃತ್ತಿಜೀವನ ಸುಮಾರು 3.3 ವರ್ಷ. ಮೊದಲ ವರ್ಷವೇ 53ರ ಪಟ್ಟಿಯಲ್ಲಿ ನಿಂತವರನ್ನಷ್ಟೇ ಎಣಿಸುವ ಲೀಗ್ ಅದನ್ನು ಆರರ ಸುಮಾರು ಎನ್ನುತ್ತದೆ. ಕ್ಯಾಂಪ್‌ನಿಂದ ಹೊರಬಿದ್ದವರನ್ನೂ ನೆನಪಿಟ್ಟುಕೊಂಡರೆ ಸಂಘದ ಅಂಕಿಯೇ ಸತ್ಯಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ. ಪಿಂಚಣಿಯ ಹಕ್ಕು ಸಿಗುವುದಕ್ಕೂ ಮೂರು ಸೀಸನ್ ಬೇಕು. ಅಂದರೆ ಆಟಕ್ಕೆ ತಕ್ಕ ಬೆಲೆ ಕೇಳುವ ದಿನ ಬರುವ ಮೊದಲೇ ಬಹಳಷ್ಟು ಹುಡುಗರ ಆಟ ಮುಗಿದಿರುತ್ತದೆ. ಮುಂದಿನ ಸಲ ಇಂಥ ಒಪ್ಪಂದದ ಸುದ್ದಿ ಓದಿದಾಗ ಶೀರ್ಷಿಕೆಯ ಮೊತ್ತವನ್ನು ಬಿಟ್ಟು ಎರಡು ವಿಷಯ ಹುಡುಕಿ: ಖಾತರಿ ಎಷ್ಟು, ಇದು ಆತನ ಎಷ್ಟನೇ ಒಪ್ಪಂದ.