ಪಾಲೆಯೋ ಕಾಸರಕವೋ: ಫೋಟೊ ಎಷ್ಟು ಹೇಳೀತು?

ಆಟಿ ಅಮಾವಾಸ್ಯೆಯ ದಿನ ತುಳುನಾಡಿನ ಮನೆಗಳಲ್ಲಿ ಕಾಫಿ ತಿಂಡಿಗಿಂತ ಮೊದಲು ಹೊಟ್ಟೆಗಿಳಿಯುವುದು ಪಾಲೆ ಮರದ ಕೆತ್ತೆಯ ಕಷಾಯ. ಸೂರ್ಯ ಹುಟ್ಟುವ ಮುಂಚೆಯೇ ಮರದ ಬುಡಕ್ಕೆ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸುತ್ತಾರೆ. ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ ಕಷಾಯ ಮಾಡಿ ಬರಿಹೊಟ್ಟೆಗೆ ಕುಡಿದು, ಆಮೇಲೆ ತಂಪಿಗೆಂದು ಮೆಂತೆ ಗಂಜಿ ಉಣ್ಣುತ್ತಾರೆ. ಪಾಲೆ ಅಂದರೆ ಉಳಿದ ಕಡೆ ಮದ್ದಾಲೆ, ಸಪ್ತಪರ್ಣಿ ಎಂದು ಕರೆಸಿಕೊಳ್ಳುವ ಮರ. ಸಸ್ಯಶಾಸ್ತ್ರದಲ್ಲಿ ಆಲ್‌ಸ್ಟೋನಿಯಾ ಸ್ಕಾಲಾರಿಸ್. ಆ ಕಷಾಯದ ಗುಣದೋಷ ಬೇರೆಯೇ ಚರ್ಚೆ. ಇಲ್ಲಿನ ಮಾತು ಮರದ ಗುರುತಿನದು. ಪಾಲೆ ಇರುವ ಗುಡ್ಡೆಗಳಲ್ಲೇ ಕಾಸರಕವೂ ಬೆಳೆಯುತ್ತದೆ, ಅದರ ಬೀಜದಲ್ಲೂ ತೊಗಟೆಯಲ್ಲೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ. ಊರು ಬಿಟ್ಟು ಪೇಟೆಯಲ್ಲಿ ಬೆಳೆದವರಿಗೆ ಈಗ ಎರಡೂ ಅಪರಿಚಿತ. ಹೀಗಿರುವಾಗ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು, ಆ್ಯಪಿಗೋ ಪರಿಚಯದ ಗುಂಪಿಗೋ ಹಾಕಿ "ಇದು ಪಾಲೆಯಾ?" ಎಂದು ಕೇಳುವುದು ಸಹಜ. ಫೋಟೊ ನೋಡಿ ಮರದ ಪರಿಚಯ ಮಾಡಿಕೊಳ್ಳುವುದು ಒಳ್ಳೆಯ ಅಭ್ಯಾಸ, ಅದು ಇನ್ನಷ್ಟು ಹರಡಬೇಕು ಎಂಬುದೇ ನನ್ನ ನಿಲುವು. ಆದರೆ ಹೆಸರು ತಿಳಿಯಲು ಸಾಕಾಗುವ ಪುರಾವೆ ಬಾಯಿಗೆ ಹಾಕಿಕೊಳ್ಳಲು ಸಾಲದು.

ಹಗಲು ಬೆಳಕಿನಲ್ಲಿ, ಎಲೆ ಕೈಗೆಟುಕುವಂತಿದ್ದರೆ ಈ ಎರಡು ಮರಗಳನ್ನು ಮಕ್ಕಳೂ ಬೇರೆ ಮಾಡಿಯಾರು. ಪಾಲೆಯ ಎಲೆಗಳು ಒಂದೊಂದು ಗೆಣ್ಣಿನಲ್ಲೂ ನಾಲ್ಕರಿಂದ ಏಳರವರೆಗೆ ಸುತ್ತಾಗಿ ಕೂತಿರುತ್ತವೆ. ನಡುನರದಿಂದ ಹೊರಡುವ ಅಡ್ಡನರಗಳು ಒತ್ತೊತ್ತಾಗಿ ಅಂಚಿನವರೆಗೆ ಸಾಗುತ್ತವೆ. ಎಲೆ ಚಿವುಟಿದರೂ ತೊಗಟೆ ಗೀರಿದರೂ ಹಾಲಿನಂಥ ಸೊನೆ ಒಸರುತ್ತದೆ. ಕಾಸರಕದ ಎಲೆಗಳು ಎರಡೆರಡಾಗಿ ಎದುರುಬದುರು. ಅಗಲವಾದ ಹೊಳಪಿನ ಎಲೆ, ಬುಡದಿಂದಲೇ ಮೂರೋ ಐದೋ ದಪ್ಪ ನರಗಳು ತುದಿಯ ಕಡೆಗೆ ಬಾಗಿ ಸಾಗುತ್ತವೆ. ಬಿಳಿ ಸೊನೆ ಇಲ್ಲ. ಹಣ್ಣು ಕಿತ್ತಳೆಯ ಬಣ್ಣದ ದುಂಡನೆಯ ಚೆಂಡು. ಇಷ್ಟೆಲ್ಲ ವ್ಯತ್ಯಾಸ ಇರುವುದು ಕೊಂಬೆಯಲ್ಲಿ. ಬೆಳೆದ ಮರದ ಕೊಂಬೆ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿರುತ್ತದೆ, ಫೋಟೊ ತೆಗೆಯುವವರು ತೆಗೆಯುವುದು ಕಣ್ಣೆದುರಿನ ಕಾಂಡವನ್ನು. ಕಾಂಡ ಎರಡರದ್ದೂ ಬೂದು. ಅದೂ ಆಟಿ ತಿಂಗಳೆಂದರೆ ಜುಲೈ–ಆಗಸ್ಟ್‌ನ ಮಳೆಗಾಲ. ಪಾಚಿ ಹತ್ತಿ ಒದ್ದೆಯಾದ ತೊಗಟೆಯಲ್ಲಿ ಬಣ್ಣದ ಸೂಕ್ಷ್ಮವೂ ಉಳಿದಿರುವುದಿಲ್ಲ. ತಪ್ಪಿದರೆ ಆಗುವುದು ಬರೀ ಹೊಟ್ಟೆನೋವಲ್ಲ. ಸ್ನಾಯುಗಳ ಬಿಗಿತಕ್ಕೆ ಲಗಾಮು ಹಾಕುವ ಬೆನ್ನುಹುರಿಯ ಸಂಕೇತಗಳನ್ನೇ ಸ್ಟ್ರಿಕ್ನಿನ್ ತಡೆಯುತ್ತದೆ. ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದು, ಕೊನೆಗೆ ಉಸಿರಾಟದ ಸ್ನಾಯುಗಳೇ ಹಿಡಿದುಕೊಳ್ಳುತ್ತವೆ.

ಗಿಡ ಗುರುತಿಸುವ ಆ್ಯಪ್‌ಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದರೆ ಅವುಗಳ ಮೇಲೆ ಎಷ್ಟು ಭಾರ ಹಾಕಬಹುದು ಎಂಬುದೂ ತಿಳಿಯುತ್ತದೆ. ಹೆಸರು ಹಚ್ಚಿದ ಲಕ್ಷಾಂತರ ಫೋಟೊಗಳನ್ನು ತೋರಿಸಿ ಕಂಪ್ಯೂಟರಿಗೆ ಆಕಾರ, ಬಣ್ಣ, ಗೀರುಗಳ ಜೋಡಣೆಯನ್ನು ಕಲಿಸಿರುತ್ತಾರೆ. ಹೊಸ ಫೋಟೊ ಕೊಟ್ಟಾಗ ಅದು ತಾನು ಕಲಿತ ಜಾತಿಗಳ ಪೈಕಿ ಯಾವುದಕ್ಕೆ ಹೆಚ್ಚು ಹತ್ತಿರ ಎಂದು ಲೆಕ್ಕ ಹಾಕಿ ಸಾಲಾಗಿ ಹೆಸರು ಕೊಡುತ್ತದೆ. ಕಲಿಯದ ಜಾತಿಯ ಹೆಸರನ್ನು ಅದು ಹೇಳಲಾರದು. ಇದ್ದುದರಲ್ಲಿ ಹತ್ತಿರದ್ದನ್ನು ಹೇಳುತ್ತದೆ. ತೋಟದ ಹೂಗಿಡಗಳ, ಯುರೋಪಿನ ಗಿಡಗಳ ಫೋಟೊ ರಾಶಿಗಟ್ಟಲೆ ಇವೆ. ಪಶ್ಚಿಮ ಘಟ್ಟದ ಒಂದು ಇಳಿಜಾರಿಗೆ ಸೀಮಿತವಾದ ಮರದ ಚಿತ್ರಗಳು ಬೆರಳೆಣಿಕೆಯಷ್ಟು. ಹಾಗಾಗಿ ಅಂಗಳದ ದಾಸವಾಳಕ್ಕೆ ಬರುವ ಉತ್ತರವನ್ನೂ ಕಾಡಿನ ತೊಗಟೆಗೆ ಬರುವ ಉತ್ತರವನ್ನೂ ಒಂದೇ ತೂಕದಲ್ಲಿ ನೋಡುವಂತಿಲ್ಲ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್, ಅದೇ ಕಾಲದ ನಮ್ಮ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇಂಥ ಜಾಲತಾಣಗಳಲ್ಲಿ ಬಲ್ಲವರು ನೋಡಿ ತಿದ್ದುವ ಏರ್ಪಾಡು ಇದೆ, ಅದು ದೊಡ್ಡ ಅನುಕೂಲ. ಆದರೆ ಆ ಬಲ್ಲವರ ಎದುರಿಗೂ ಇರುವುದು ಅದೇ ಫೋಟೊ. ಸೊನೆ, ವಾಸನೆ, ರುಚಿ, ಎಲೆಯ ಒರಟುತನ ಯಾವುದೂ ಅವರಿಗೆ ತಲುಪಿರುವುದಿಲ್ಲ. ಬುಡದಿಂದ ಮೂರು ನರ ಹೊರಡುವ ಹೊಳಪಿನ ಎಲೆ ದಾಲ್ಚಿನ್ನಿಗೂ ಇದೆ. ಬರೀ ಎಲೆಯ ಚಿತ್ರ ನೋಡಿದವರು ಕಾಸರಕವೆಂದು ಅನುಮಾನಪಟ್ಟರೆ ತಪ್ಪೇನಲ್ಲ. ಎಲೆ ಹರಿದು ಮೂಸಿದವರಿಗೆ ಅನುಮಾನ ಉಳಿಯುವುದಿಲ್ಲ.

ಹಾಗೆಂದು ಚಿತ್ರ ಕೆಲಸಕ್ಕೆ ಬಾರದ್ದು ಎಂದು ತಳ್ಳಿಹಾಕುವುದೂ ಅನ್ಯಾಯ. ಭೇದಿಗೆ ನಾಟಿ ಮದ್ದಾಗಿ ಬಳಸುವ ಕೊಡಸಿಗ ಮತ್ತು ಚನ್ನಪಟ್ಟಣದ ಬೊಂಬೆಗಳಿಗೆ ಮರ ಒದಗಿಸುವ ಹಾಲೆ, ಈ ಎರಡನ್ನು ನೋಡಿ. ಎರಡಕ್ಕೂ ಎದುರುಬದುರು ಎಲೆ, ಬಿಳಿ ಸೊನೆ, ಬಿಳಿ ಹೂ, ಜೋಡಿಯಾಗಿ ಜೋಲುವ ಉದ್ದನೆಯ ಕಾಯಿ. ಕೊಡಸಿಗದ ಚಕ್ಕೆಯಲ್ಲಿ ಹಾಲೆಯ ಚಕ್ಕೆ ಬೆರೆಯುವ ದೂರು ಹಳೆಯದು. ಇಲ್ಲಿ ಸೊನೆ ಪರೀಕ್ಷೆ ಉಪಯೋಗಕ್ಕೆ ಬರುವುದಿಲ್ಲ, ಸರಿಯಾದ ಕಾಲದ ಸರಿಯಾದ ಫೋಟೊ ಬರುತ್ತದೆ. ಹಾಲೆ ಹೂವಿನ ನಡುವೆ ಬಿಳಿ ಎಳೆಗಳ ಕುಚ್ಚು ಎದ್ದು ಕಾಣುತ್ತದೆ, ಕೊಡಸಿಗದ ಹೂವಿನ ಬಾಯಿ ಬರಿದು. ಹಾಲೆಯ ಎಳೆಯ ಜೋಡಿಕಾಯಿಗಳು ತುದಿಯಲ್ಲಿ ಕೂಡಿಕೊಂಡಿರುತ್ತವೆ, ಕೊಡಸಿಗದವು ಬಿಡಿಬಿಡಿ. ಇದನ್ನು ಹಿಡಿಯಲು ಒಂದು ಫೋಟೊ ಸಾಲದು. ಇಡೀ ಮರ, ಎದೆಮಟ್ಟದ ಕಾಂಡ, ಎಲೆ ರೆಂಬೆಗೆ ಹೇಗೆ ಕೂತಿದೆ ಎಂಬುದು, ಎಲೆಯ ಬೆನ್ನು, ಹೂವಿನ ಎದುರು ಮತ್ತು ಪಕ್ಕ, ಕಾಯಿ, ಸಾಧ್ಯವಾದರೆ ಕಾಯಿಯ ಒಳಭಾಗ, ಅಳತೆಗೆ ಪಕ್ಕದಲ್ಲೊಂದು ನಾಣ್ಯ, ಇಷ್ಟೂ ಬೇಕು. ಜೊತೆಗೆ ದಿನಾಂಕ, ಜಾಗ, ವಾಸನೆ ಹೇಗಿತ್ತು, ಸೊನೆ ಬಂತೇ ಎಂಬ ಎರಡು ಸಾಲು. ಹೆಚ್ಚಿನವರು ಎಲೆಯ ಮೇಲ್ಮೈಯನ್ನಷ್ಟೇ ತೆಗೆಯುತ್ತಾರೆ. ಗುರುತಿನ ಮಟ್ಟಿಗೆ ಅದು ತೀರ ಬಡಪಾಯಿ ಸಾಕ್ಷಿ.

ಚಿತ್ರವೊಂದೇ ಸಾಲದು ಎಂಬ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ಸಸ್ಯಶಾಸ್ತ್ರಜ್ಞ ಲಿನೇಯಸ್ ಭಾರತಕ್ಕೆ ಕಾಲಿಡಲೇ ಇಲ್ಲ. ಡಚ್ ಅಧಿಕಾರಿ ವಾನ್ ರೀಡ್ ರೂಪಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರಬಂದ 'ಹೋರ್ಟಸ್ ಮಲಬಾರಿಕಸ್'ನ ಚಿತ್ರಗಳನ್ನು ಆಧರಿಸಿ ಅವನು ಮಲಬಾರಿನ ಎಷ್ಟೋ ಗಿಡಮರಗಳಿಗೆ ಹೆಸರಿಟ್ಟ. ಅವನಿಗೆ ಚಿತ್ರ ಸಾಕಾಗಿತ್ತು, ನಮಗೇಕೆ ಸಾಲದು? ಆದರೆ ಆ ಚಿತ್ರಗಳಲ್ಲಿ ಎಲೆ, ಹೂ, ಕಾಯಿ ಒಂದೇ ಪುಟದಲ್ಲಿದ್ದವು. ಜೊತೆಗೆ ವಾಸನೆ, ರುಚಿ, ಬಳಕೆಯ ವಿವರಣೆ. ಅದರ ಹಿಂದೆ ಇಟ್ಟಿ ಅಚ್ಯುತನ್‌ರಂಥ ಸ್ಥಳೀಯ ವೈದ್ಯರ ಅನುಭವ ಇತ್ತು. ಇಷ್ಟಿದ್ದೂ ಅನುಮಾನಗಳು ಉಳಿದವು. ಯಾವ ಚಿತ್ರ ಯಾವ ಗಿಡದ್ದು ಎಂದು ಇತ್ಯರ್ಥ ಮಾಡಲು ಕೇರಳದ ಸಸ್ಯಶಾಸ್ತ್ರಜ್ಞ ಕೆ.ಎಸ್. ಮಣಿಲಾಲ್ ದಶಕಗಳ ಕಾಲ ಮಲಬಾರನ್ನೇ ಸುತ್ತಿ ಗಿಡಗಳನ್ನು ಮತ್ತೆ ಸಂಗ್ರಹಿಸಬೇಕಾಯಿತು. ಅವರ ಇಂಗ್ಲಿಷ್ ಅನುವಾದ ಬಂದದ್ದು 2003ರಲ್ಲಿ. ಮುಖ್ಯವಾಗಿ, ಲಿನೇಯಸ್ ಹೆಸರಿಟ್ಟನೇ ಹೊರತು ಕಷಾಯ ಕುಡಿಯಲು ಹೊರಟಿರಲಿಲ್ಲ. ಅವನ ತಪ್ಪನ್ನು ಮುಂದಿನವರು ಇನ್ನೊಂದು ಪುಸ್ತಕದಲ್ಲಿ ತಿದ್ದಬಹುದಿತ್ತು.

ನಾಟಿ ವೈದ್ಯರು ಒಂದು ಎಲೆ ನೋಡಿಯೇ ಹೇಳುತ್ತಾರಲ್ಲ ಎನ್ನುವವರೂ ಇದ್ದಾರೆ. ಹೌದು, ಹೇಳುತ್ತಾರೆ. ಆದರೆ ಅವರು ನೋಡುತ್ತಿರುವುದು ಒಂದು ಎಲೆಯನ್ನು ಮಾತ್ರ ಅಲ್ಲ. ಅದು ಹೊಳೆ ಬದಿಯದೋ ಬೋಳುಗುಡ್ಡದ್ದೋ, ಪಕ್ಕದಲ್ಲಿ ಏನಿತ್ತು, ಕಳೆದ ಬೇಸಿಗೆಯಲ್ಲಿ ಅದೇ ಮರ ಯಾವ ಹೂ ಬಿಟ್ಟಿತ್ತು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಅವರ ಊರಿನ ಕಾಡಿನಲ್ಲಿ ಹೋಲುವ ಗಿಡಗಳು ಯಾವುವು ಎಂಬುದೂ ಗೊತ್ತು. ಅದೇ ವೈದ್ಯರಿಗೆ ಬೇರೆ ಜಿಲ್ಲೆಯಿಂದ ವಾಟ್ಸ್ಆ್ಯಪ್‌ನಲ್ಲಿ ಚಿತ್ರ ಕಳಿಸಿದರೆ ಈ ಹಿನ್ನೆಲೆಯಷ್ಟೂ ಕಳಚಿ ಬಿದ್ದಿರುತ್ತದೆ. ಅವರ ಜ್ಞಾನದ ಮೇಲೆ ಗೌರವವಿದ್ದರೆ ಮರದ ಹತ್ತಿರ ಅವರನ್ನೇ ಕರೆದೊಯ್ಯಬೇಕು.

ಗುರುತು ತಪ್ಪುವುದು ಅಪರೂಪ, ಅದಕ್ಕಿಷ್ಟು ಗಾಬರಿ ಬೇಡ ಎಂಬ ಮಾತಿಗೆ ಬ್ರಸೆಲ್ಸ್‌ನ ಪ್ರಕರಣವೇ ಉತ್ತರ. 1990ರ ದಶಕದ ಆರಂಭದಲ್ಲಿ ಅಲ್ಲಿನ ತೂಕ ಇಳಿಸುವ ಚಿಕಿತ್ಸಾಲಯವೊಂದರಲ್ಲಿ ಸ್ಟೆಫಾನಿಯಾ ಎಂಬ ಚೀನೀ ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಬೇರು ಮಾತ್ರೆಗಳಲ್ಲಿ ಸೇರಿಹೋಯಿತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಕೆಟ್ಟಿತು, ಹಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಪೂರೈಸಿದವರು ವ್ಯಾಪಾರದಲ್ಲಿ ಪಳಗಿದವರು, ಬರೆದುಕೊಟ್ಟವರು ವೈದ್ಯರು. ಅದೇ ಅರಿಸ್ಟೊಲೋಕಿಯಾ ಕುಲದ ಈಶ್ವರಿ ಬಳ್ಳಿ ನಮ್ಮ ಬೇಲಿಗಳಲ್ಲೂ ಹಬ್ಬುತ್ತದೆ, ಮೂತ್ರಪಿಂಡ ಕೆಡಿಸಿದ ಆಮ್ಲ ಅದರಲ್ಲೂ ಇದೆ. ಆ್ಯಪ್‌ಗಳು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿರುವುದು ನಿಜ, ಇನ್ನೂ ಸುಧಾರಿಸಲಿ. ಆದರೆ ಚಿತ್ರದಲ್ಲಿ ದಾಖಲಾಗದ ವಾಸನೆಯನ್ನು ಯಾವ ಲೆಕ್ಕಾಚಾರವೂ ಚಿತ್ರದೊಳಗಿಂದ ಹೊರತೆಗೆಯಲಾರದು.

ಮದ್ದಿಗಾಗಿಯೇ ಗುರುತು ಬೇಕಿದ್ದರೆ ದಾರಿ ಕಷ್ಟದ್ದೇನಲ್ಲ. ಹೂವೋ ಕಾಯೋ ಇರುವ ಒಂದು ಅಡಿ ಉದ್ದದ ರೆಂಬೆಯನ್ನು, ಎಲೆಗಳಲ್ಲಿ ಒಂದೆರಡನ್ನು ಮಗುಚಿ ಬೆನ್ನು ಕಾಣುವಂತೆ ಹರಡಿ, ಹಳೆಯ ಪೇಪರಿನ ಮಡಿಕೆಯಲ್ಲಿ ಒತ್ತಿಡಬೇಕು. ಮಳೆಗಾಲವಾದರೆ ಪೇಪರನ್ನು ದಿನಾ ಬದಲಿಸಬೇಕು. ಫೋಟೊಗಳೊಂದಿಗೆ ಅದನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಯ್ದರೆ, ಅಲ್ಲಿ ಇತ್ಯರ್ಥವಾಗದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ಆದೀತು. ಒಣಗಿದ ಹೂವನ್ನೂ ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ನೋಡಬಹುದು, ಹಳೆಯ ಹಾಳೆಗಳ ಪಕ್ಕ ಇಟ್ಟು ಹೋಲಿಸಬಹುದು. ಹೀಗೆ ಸಂಖ್ಯೆ ಹಚ್ಚಿ ಜೋಪಾನವಾಗಿಟ್ಟ ರೆಂಬೆಯನ್ನು ಐವತ್ತು ವರ್ಷದ ಮೇಲೆ ಇನ್ನೊಬ್ಬರು ತೆಗೆದು, ಗುರುತು ಸರಿಯೇ ಎಂದು ಮತ್ತೆ ಪರಿಶೀಲಿಸಲು ಸಾಧ್ಯ.